ಲೈಬ್ರರಿ ಮೇಡಂ ಉತ್ತರಿಸುತ್ತಾರೆ: ಗುಳೆಯ ಲೆಕ್ಕ ಯಾವ ಕಪಾಟಿನಲ್ಲಿದೆ?

ಪ್ರಶ್ನೆ: ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ.ಗೆ ಸೇರಿದ್ದೇನೆ. ಯಾದಗಿರಿ ಜಿಲ್ಲೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರ ಬಗ್ಗೆ ನನ್ನ ಅಧ್ಯಯನ. ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಹುಡುಕಿದರೆ ನಾಲ್ಕೈದು ಪಠ್ಯಪುಸ್ತಕ ಬಿಟ್ಟು ಏನೂ ಸಿಗಲಿಲ್ಲ. ಎಲ್ಲಿಂದ ಶುರು ಮಾಡಲಿ?
– ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಮೊದಲು ಕಪಾಟಿನ ವಿಷಯ. ಡ್ಯೂಯಿ ಪದ್ಧತಿಯಲ್ಲಿ, ಅಂದರೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು, ಪುಸ್ತಕ ಜೋಡಿಸಿರುವ ಕಡೆ ವಲಸೆಗೆ ಒಂದೇ ಮನೆ ಇಲ್ಲ. ಜನಸಂಖ್ಯೆಯ ಓಡಾಟ ಅಂತ ಬರೆದದ್ದು 304.8ರಲ್ಲಿ ಕೂತಿರುತ್ತದೆ. ಹಳ್ಳಿ ಬಿಟ್ಟು ಪೇಟೆ ಸೇರಿದವರ ಬಗ್ಗೆ ಬರೆದದ್ದು 307.2ರಲ್ಲಿ. ಅದನ್ನೇ ಅರ್ಥಶಾಸ್ತ್ರದವರು ಕೂಲಿ ಮಾರುಕಟ್ಟೆ ಅಂತ ನೋಡಿದರೆ 331.1ಕ್ಕೆ ಹೋಯಿತು. ನೀವು ಒಂದು ಕಡೆ ನೋಡಿ ವಾಪಸ್ ಬಂದಿದ್ದೀರಿ ಅನ್ನಿಸುತ್ತದೆ. ಮೂರೂ ಕಡೆ ನಿಂತು ಬೆನ್ನಮೇಲಿನ ಹೆಸರು ಓದಿ. ಕಂಪ್ಯೂಟರಿನಲ್ಲಿ ಸಿಗದ್ದು ಪಕ್ಕದ ಪುಸ್ತಕವಾಗಿ ಸಿಗುತ್ತದೆ.

ಆದರೆ ನಿಮಗೆ ಬೇಕಾದ ಅಸಲಿ ಸರಕು ಪುಸ್ತಕಗಳಲ್ಲಿ ಇಲ್ಲ, ಸರ್ಕಾರಿ ಪ್ರಕಟಣೆಗಳಲ್ಲಿದೆ. ಬಹಳ ಲೈಬ್ರರಿಗಳಲ್ಲಿ ಈ ವಿಭಾಗ ಮೂಲೆಯಲ್ಲಿರುತ್ತದೆ, ಬೀಗ ಕೂಡ ಹಾಕಿರುತ್ತಾರೆ. ಕೇಳಿ ತೆಗೆಸಿ. ಜನಗಣತಿಯ ‘ಡಿ’ ಸರಣಿ ಪೂರ್ತಿ ವಲಸೆಯದೇ. ಅದರಲ್ಲಿ ಡಿ-3 ಕೋಷ್ಟಕ ನೋಡಿ: ಹಿಂದೆ ಎಲ್ಲಿದ್ದರು, ಬಂದು ಎಷ್ಟು ಕಾಲವಾಯಿತು, ಯಾಕೆ ಬಂದರು. ಕೊನೆಯ ಗಣತಿ 2011ರದ್ದು. 2021ರದ್ದು ನಡೆಯಲೇ ಇಲ್ಲ, ಹಾಗಾಗಿ ಅಷ್ಟು ಹಳೇ ಅಂಕಿಯನ್ನು ಯಾಕೆ ಬಳಸಿದೆ ಅಂತ ಒಂದು ಸಾಲು ಬರೆದಿಡಿ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳೇ ಕೇಳುತ್ತಾರೆ.

ನಿಮ್ಮ ಜಿಲ್ಲೆಗೆ ಇನ್ನೊಂದು ತೊಡಕಿದೆ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. 2001ರ ಜಿಲ್ಲಾ ಗಣತಿ ಕೈಪಿಡಿಗಳ ಸಾಲಿನಲ್ಲಿ ‘ಯಾದಗಿರಿ’ ಅಂತ ಹುಡುಕಿದರೆ ಸಂಜೆಯವರೆಗೂ ಸಿಗುವುದಿಲ್ಲ. ಗುಲ್ಬರ್ಗದ ಸಂಪುಟ ತೆಗೆದು ಅದರೊಳಗೆ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳನ್ನು ನೋಡಿ. 2011ರಲ್ಲಿ ಜಿಲ್ಲೆ ಬೇರೆ ಆಯಿತು, ತಾಲ್ಲೂಕು ಮಾತ್ರ ಇವೇ ಮೂರು. ಹುಣಸಗಿ, ವಡಗೇರಾ, ಗುರುಮಠಕಲ್ ತಾಲ್ಲೂಕಾಗಿದ್ದು ಆಮೇಲೆ. ಈಗಿನ ನಕ್ಷೆಗೆ ಹಳೇ ಅಂಕಿ ಹಚ್ಚಬೇಕಾದರೆ ಊರೂರು ಲೆಕ್ಕ ಕೂಡಿಸಬೇಕು. ಬೇಜಾರಿನ ಕೆಲಸ, ಆದರೆ ಇದನ್ನು ನೀಟಾಗಿ ಮಾಡಿದ ಪ್ರಬಂಧ ನೋಡಿದರೆ ನನಗೆ ಖುಷಿಯಾಗುತ್ತದೆ.

ಇನ್ನು ಗುಳೆ. ಸುಗ್ಗಿ ಮುಗಿಸಿ ಹೋಗಿ ಮಳೆಗೆ ವಾಪಸ್ ಬರುವವರು ಗಣತಿಯಲ್ಲಿ ಸರಿಯಾಗಿ ಸಿಕ್ಕಿಬೀಳುವುದಿಲ್ಲ. ಅವರಿಗಾಗಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ 64ನೇ ಸುತ್ತು ನೋಡಿ, 2007-08ರದ್ದು. ಕೆಲಸಕ್ಕೆ ಅಂತ ಒಂದು ತಿಂಗಳಿಂದ ಆರು ತಿಂಗಳವರೆಗೆ ಊರು ಬಿಟ್ಟವರನ್ನು ಅಲ್ಲಿ ಬೇರೆಯಾಗಿ ಎಣಿಸಿದ್ದಾರೆ. 2020-21ರ ಕಾರ್ಮಿಕ ಬಲ ಸಮೀಕ್ಷೆಯಲ್ಲೂ ವಲಸೆಯ ಪ್ರಶ್ನೆಗಳಿವೆ. ಇವು ಸ್ಯಾಂಪಲ್ ಸಮೀಕ್ಷೆಗಳು, ರಾಜ್ಯದ ಮಟ್ಟಕ್ಕೆ ಮಾತಾಡಬಹುದು. ಅದರಿಂದ ತಾಲ್ಲೂಕಿನ ಶೇಕಡಾವಾರು ಹಿಂಡಲು ಹೋಗಬೇಡಿ. ಜೊತೆಗೆ ನಂಜುಂಡಪ್ಪ ಸಮಿತಿಯ 2002ರ ವರದಿ ಇಟ್ಟುಕೊಳ್ಳಿ. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂದ ವರದಿ ಅದೇ.

ರೆಫರೆನ್ಸ್ ಕೌಂಟರಿನಲ್ಲಿ ನಾನು ಕೂತಿದ್ದಾಗ “ಮೇಡಂ, ವಲಸೆ ಮೇಲೆ ಏನಾದ್ರೂ ಇದೆಯಾ?” ಅಂತ ಕೇಳುವವರೇ ಜಾಸ್ತಿ. ಇದೆ ಅನ್ನುತ್ತಿದ್ದೆ, ಅವರು ಹೋಗುತ್ತಿದ್ದರು. ಯಾರು, ಎಲ್ಲಿಂದ ಎಲ್ಲಿಗೆ, ಯಾವ ವರ್ಷಗಳಲ್ಲಿ, ಎಷ್ಟು ತಿಂಗಳಿಗೆ ಅಂತ ಒಂದು ಚೀಟಿಯಲ್ಲಿ ಬರೆದು ತಂದವರ ಜೊತೆ ಕಪಾಟಿನವರೆಗೆ ಹೋಗುತ್ತಿದ್ದೆ. ನೀವು ಚೀಟಿ ತನ್ನಿ.

ಪ್ರಶ್ನೆ: ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಸಂಶೋಧನಾ ಪತ್ರಿಕೆಗಳ ಒಂದೊಂದು ಲೇಖನ ಓದಲೂ ಡಾಲರ್ ಲೆಕ್ಕದಲ್ಲಿ ಹಣ ಕೇಳುತ್ತಾರೆ. ಬೇರೆ ದಾರಿ ಇದೆಯಾ?
– ಉಪನ್ಯಾಸಕ, ಹಾಸನ

ಉತ್ತರ: ಕಾರ್ಡು ತೆಗೆಯಬೇಡಿ! ‘ಒಂದು ದೇಶ ಒಂದು ಚಂದಾ’ ಯೋಜನೆ 2025ರ ಜನವರಿಯಿಂದ ನಡೆಯುತ್ತಿದೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತವೆ. ನಿಮ್ಮ ಕಾಲೇಜು ನೋಂದಾಯಿಸಿದೆಯೇ ಅಂತ ಲೈಬ್ರರಿಯನ್ ಹತ್ತಿರ ಕೇಳಿ. ಇಲ್ಲದಿದ್ದರೆ ಪ್ರಾಂಶುಪಾಲರ ಬೆನ್ನು ಹತ್ತಿ. ಮನೆಯಿಂದ ಓದಲು ಬೇರೆ ಲಾಗಿನ್ ಬೇಕಾಗುತ್ತದೆ, ಅದನ್ನೂ ಅವರೇ ಮಾಡಿಕೊಡಬೇಕು. ಪಟ್ಟಿಯಲ್ಲಿಲ್ಲದ ಪತ್ರಿಕೆಯಾದರೆ ಲೇಖಕರಿಗೇ ಎರಡು ಸಾಲು ಇಮೇಲ್ ಹಾಕಿ. ಓದುವವರು ಸಿಕ್ಕರಲ್ಲ ಅಂತ ಸಂತೋಷದಿಂದ ಕಳಿಸುವವರು ಎಷ್ಟೋ ಜನ.

ಪ್ರಶ್ನೆ: ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಕನ್ನಡ ಮಹಾಪ್ರಬಂಧಗಳು ಸಿಗುವುದೇ ಇಲ್ಲ. ಹಾಕಿಲ್ಲವೋ, ನನಗೆ ಹುಡುಕಲು ಬರುವುದಿಲ್ಲವೋ?
– ಎಂ.ಎ. ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಹಾಕಿರುತ್ತಾರೆ, ಅಡಗಿರುತ್ತವೆ. ಶೀರ್ಷಿಕೆಯನ್ನು ಒಬ್ಬರು ಕನ್ನಡದಲ್ಲಿ ಟೈಪ್ ಮಾಡಿರುತ್ತಾರೆ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ. ‘ಜಾತಿ’ಗೆ ಒಂದು ‘ಎ’ ಹಾಕಿದವರಿದ್ದಾರೆ, ಎರಡು ಹಾಕಿದವರಿದ್ದಾರೆ, ‘ಟಿ’ ಮುಂದೆ ‘ಎಚ್’ ಸೇರಿಸಿದವರೂ ಇದ್ದಾರೆ. ಎಲ್ಲಾ ರೀತಿಯಲ್ಲೂ ಹುಡುಕಿ. ಸಿಕ್ಕ ಮೇಲೂ ಪಿಡಿಎಫ್ ಒಳಗೆ ಪದ ಹುಡುಕಿದರೆ ಸೊನ್ನೆ ಬರಬಹುದು. ಹಳೆಯವು ಸ್ಕ್ಯಾನ್ ಮಾಡಿದ ಚಿತ್ರಗಳು. ಇನ್ನು ಕೆಲವು ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪಾದವು, ಕಾಪಿ ಮಾಡಿ ಅಂಟಿಸಿದರೆ ವಿಚಿತ್ರ ಚಿಹ್ನೆಗಳು ಬೀಳುತ್ತವೆ. ಅದನ್ನು ಯೂನಿಕೋಡಿಗೆ ತಿರುಗಿಸುವ ಕನ್ವರ್ಟರ್‌ಗಳು ಸುಮ್ನೆ ಉಚಿತವಾಗಿ ಸಿಗುತ್ತವೆ. ನಾನಾದರೆ ಹೆಸರು ಹುಡುಕುವ ಗೋಜು ಬಿಟ್ಟು ನೇರ ವಿಶ್ವವಿದ್ಯಾಲಯ, ಆಮೇಲೆ ವಿಭಾಗ ಅಂತ ಒಳಗೆ ಹೋಗಿ ಪಟ್ಟಿ ಪೂರ್ತಿ ಓದುತ್ತೇನೆ. ಪ್ರಬಂಧದ ಡಿಜಿಟಲ್ ಪ್ರತಿ ಕೊಡಬೇಕು ಅಂದ 2009ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಕ್ಕಿಂತ ಮುಂಚಿನ ಪ್ರಬಂಧ ಬೇಕಾದರೆ ಆಯಾ ವಿಶ್ವವಿದ್ಯಾಲಯದ ಥೀಸಿಸ್ ಕೋಣೆಗೇ ಹೋಗಬೇಕಾಗಬಹುದು. ಹೊರಡುವ ಮುಂಚೆ ನಿಮ್ಮ ವಿಭಾಗದಿಂದ ಪತ್ರ ಬರೆಸಿಕೊಳ್ಳಿ, ಇಲ್ಲದಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಪ್ರಶ್ನೆ: ನನ್ನ ಪ್ರಬಂಧದಲ್ಲಿ ಬೇರೆಯವರ ಬರಹಕ್ಕೆ ಹೋಲುವುದೆಷ್ಟು ಅಂತ ತೋರಿಸುವ ಸಾಮ್ಯತೆ ವರದಿಯಲ್ಲಿ ಶೇ 23 ಬಂದಿದೆ. ಲೈಬ್ರರಿಯವರು ಕಡಿಮೆ ಮಾಡಿಕೊಡುತ್ತಾರಾ?
– ಹೆಸರು ಬೇಡ

ಉತ್ತರ: ಇಲ್ಲ. 2018ರ ಯುಜಿಸಿ ನಿಯಮದಲ್ಲಿ ಶೇ 10ರವರೆಗೆ ದಂಡವಿಲ್ಲ, ಅದರ ಮೇಲೆ ಶೇ 40ರವರೆಗೆ ತಿದ್ದಿ ಮತ್ತೆ ಸಲ್ಲಿಸಬೇಕು. ಉದ್ಧರಣೆ, ಗ್ರಂಥಸೂಚಿ ಬಿಟ್ಟು ಲೆಕ್ಕ ಹಾಕಿದ್ದಾರಾ ಅಂತ ಮಾತ್ರ ಕೇಳಿ ನೋಡಿ. ಉಳಿದದ್ದು ನೀವೇ ಕೂತು ಬರೆಯಬೇಕು, ಅಲ್ವಾ?