ತಪ್ಪು ಮಾಡಿದ್ದಾನೆ ಅಂತ ಗೊತ್ತಿದ್ದೂ ಅವನ ಪರ ಹೇಗೆ ವಾದಿಸುತ್ತೀರಿ? ರಾತ್ರಿ ನಿದ್ದೆ ಬರುತ್ತಾ?

ಬರುತ್ತೆ. ಸಂಜೆ ಮಿರ್ಚಿ ಜಾಸ್ತಿ ತಿಂದಿದ್ದರೆ ಮಾತ್ರ ಸ್ವಲ್ಪ ಕಷ್ಟ. ನಾನು ದಾವಣಗೆರೆಯಲ್ಲಿ ಕ್ರಿಮಿನಲ್ ಕೇಸುಗಳನ್ನೇ ನಡೆಸುವ ವಕೀಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ತಕರಾರು ಇರುವುದು 'ಗೊತ್ತಿದ್ದೂ' ಅನ್ನುವ ಪದದ ಬಗ್ಗೆ. ನನಗೆ ಏನು ಗೊತ್ತಿರುತ್ತೆ ಹೇಳಿ? ಚಾರ್ಜ್‌ಶೀಟಿನಲ್ಲಿ ಬರೆದದ್ದು, ಕಕ್ಷಿದಾರ ಹೇಳಿದ್ದು, ಅಷ್ಟೇ.

ಒಂದು ಬೈಕ್ ಕಳ್ಳತನದ ಕೇಸು. ಆರೋಪಿ ಹೋಟೆಲಿನಲ್ಲಿ ದೋಸೆ ಹುಯ್ಯುವ, ಇಪ್ಪತ್ತು ದಾಟಿದ ಹುಡುಗ. ಇವನೇ ಕದ್ದಿರಬೇಕು ಅಂತ ನನಗೂ ಅನ್ನಿಸಿತ್ತು, ಸುಮ್ನೆ ಸುಳ್ಳು ಯಾಕೆ ಹೇಳಲಿ. ಬೈಕ್ ವಶಪಡಿಸಿಕೊಂಡ ಮಹಜರು ದಾವಣಗೆರೆಯಲ್ಲಿ ಬೆಳಗ್ಗೆ 10 ಗಂಟೆಗೆ ಆಗಿತ್ತು. ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚನ ಹೆಸರು ಎಲ್ಲೋ ನೋಡಿದ ಹಾಗಿತ್ತು. ನನ್ನ ಹಳೇ ಫೈಲುಗಳನ್ನು ತೆಗೆದು ಕೂತೆ. ಅದೇ ಠಾಣೆಯ ಇನ್ನೊಂದು ಕೇಸು. ಅದೇ ದಿನ 10.30ಕ್ಕೆ ಚಿತ್ರದುರ್ಗದಲ್ಲಿ ಒಡವೆ ಸಿಕ್ಕ ಮಹಜರಿಗೂ ಇದೇ ಪುಣ್ಯಾತ್ಮನ ಸಹಿ! ನಡುವೆ ಸುಮಾರು 60 ಕಿಲೋಮೀಟರ್. ಪಾಟೀಸವಾಲಿನಲ್ಲಿ ಎರಡೂ ಕಾಗದ ಮುಂದಿಟ್ಟೆ. ಪಂಚ ಕುಡಿಯಲು ನೀರು ಕೇಳಿದ. ಹುಡುಗ ಬಿಡುಗಡೆಯಾದ. ಕದ್ದಿದ್ದನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ಮುಂದೆಯೇ ಒಪ್ಪಿಕೊಂಡವರೂ ಇದ್ದಾರೆ. ಆ ಮಾತನ್ನು ನಾನು ಹೊರಗೆ ಬಿಡುವ ಹಾಗಿಲ್ಲ. ಹಾಗಂತ ಸುಳ್ಳು ಸಾಕ್ಷಿ ಕಟ್ಟುವ ಹಾಗೂ ಇಲ್ಲ. ಆರೋಪವನ್ನು ಸರ್ಕಾರದ ಕಡೆಯವರೇ ಸಾಬೀತು ಮಾಡಲಿ ಅಂತ ಪಟ್ಟು ಹಿಡಿಯಬಹುದು. ಹೊಲದ ಬದುವಿನ ಜಗಳದಲ್ಲಿ ಕೈ ಮೀರಿ ಆದ ಸಾವನ್ನು ಕೊಲೆ ಅಂತ ಹಾಕಿದ್ದರೆ, ಅದು ಕೊಲೆಯಲ್ಲ ಅಂತ ವಾದಿಸಬಹುದು. ಶಿಕ್ಷೆಯಲ್ಲಿ ಅದರಿಂದ ವರ್ಷಗಟ್ಟಲೆ ವ್ಯತ್ಯಾಸ ಆಗುತ್ತೆ.

'ಇಂಥವನ ಪರ ಯಾರೂ ವಕಾಲತ್ತು ಹಾಕಬಾರದು' ಅಂತ ವಕೀಲರ ಸಂಘಗಳೇ ಠರಾವು ಮಾಡಿದ್ದುಂಟು. ಅಂಥ ಠರಾವುಗಳಿಗೆ ಕಾನೂನಿನ ಬೆಲೆಯೇ ಇಲ್ಲ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮುಂಬೈ ದಾಳಿಯ ಕಸಬ್‌ಗೂ ವಕೀಲರಿದ್ದರು. 2012ರಲ್ಲಿ ಗಲ್ಲಾದದ್ದು ಅವನ ಪರ ವಾದವನ್ನೂ ಕೇಳಿದ ಮೇಲೆಯೇ ಅಲ್ವಾ?

ಇನ್ನು ದುಡ್ಡು. ಕಳ್ಳರ ದುಡ್ಡಲ್ಲಿ ಮನೆ ಕಟ್ಟುತ್ತೇವೆ ಅಂತ ಜನ ಅಂದುಕೊಂಡಿದ್ದಾರೆ. ಕಸ್ಟಡಿಯಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ಆ ಹುಡುಗನ ಕೇಸು ನನಗೆ ಬಂದದ್ದೂ ಹಾಗೆಯೇ. ಅವನಿಂದ ಒಂದು ರೂಪಾಯಿಯೂ ತೆಗೆದುಕೊಳ್ಳುವ ಹಾಗಿರಲಿಲ್ಲ. ಈಗ ಆ ಹೋಟೆಲಿಗೆ ಹೋದರೆ ನನ್ನ ದೋಸೆಗೆ ಬೆಣ್ಣೆ ಸ್ವಲ್ಪ ಜಾಸ್ತಿ ಬೀಳುತ್ತೆ. ಅದಕ್ಕೆ ನಾನೂ ಏನೂ ಅನ್ನುವುದಿಲ್ಲ.