ಜಿನೀವಾದಿಂದ ವಾಲ್ ಡಿಸೇರ್‌ಗೆ ಪ್ರೈವೇಟ್ ವ್ಯಾನ್: ದರಕ್ಕಿಂತ ಮೊದಲು ಕೇಳಬೇಕಾದ್ದು

ನಿಮ್ಮ ಪ್ರಶ್ನೆ ಇಷ್ಟು: 4 ಮತ್ತು 9 ವರ್ಷದ ಮಕ್ಕಳು, ವಯಸ್ಸಾದ ಅಪ್ಪ-ಅಮ್ಮ ಸೇರಿ ಏಳು ಜನ. ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ 2:40ಕ್ಕೆ ದೋಹಾ ಮೂಲಕ ಜಿನೀವಾದಲ್ಲಿ ಇಳಿಯುತ್ತೀರಿ. ಅಲ್ಲಿಂದ ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಸ್ಕೀ ಊರು ವಾಲ್ ಡಿಸೇರ್‌ಗೆ ವ್ಯಾನ್ ಬೇಕು. ಮೂರು ಕಡೆ ವಿಚಾರಿಸಿದರೆ ಮೂರು ದರ ಬಂದಿದೆ, ಒಂದಕ್ಕೊಂದು ತಾಳೆಯಾಗುತ್ತಿಲ್ಲ.

ತಾಳೆಯಾಗದಿರಲು ಮೊದಲ ಕಾರಣ, ಮೂವರೂ ಒಂದೇ ಲೆಕ್ಕ ಕೊಟ್ಟಿರುವುದಿಲ್ಲ. ಒಬ್ಬರದು ತಲಾ ದರ, ಇನ್ನೊಬ್ಬರದು ಇಡೀ ವಾಹನಕ್ಕೆ. ಒಬ್ಬರದು ಹೋಗಲು ಮಾತ್ರ, ಇನ್ನೊಬ್ಬರದು ಹೋಗಿಬರಲು. ಒಬ್ಬರು ಯೂರೋದಲ್ಲಿ ಹೇಳಿದರೆ ಇನ್ನೊಬ್ಬರು ಸ್ವಿಸ್ ಫ್ರಾಂಕಿನಲ್ಲಿ. ಎಲ್ಲವನ್ನೂ "ಇಡೀ ವಾಹನ, ಒಂದು ದಿಕ್ಕು, ಯೂರೋ, ಟೋಲ್ ಸೇರಿ" ಅನ್ನುವ ಒಂದೇ ಅಳತೆಗೆ ತನ್ನಿ. ಅಷ್ಟಾದ ಮೇಲೂ ವ್ಯತ್ಯಾಸ ಉಳಿದರೆ ಅದು ಸಾಮಾನ್ಯವಾಗಿ ಒಂದೇ ವಿಷಯದ್ದು: ತಡವಾದರೆ ಅದರ ಖರ್ಚು ಯಾರ ತಲೆಗೆ? ಕಡಿಮೆ ದರ ಹೇಳಿದವರು ಬಹುತೇಕ ಅದನ್ನು ನಿಮ್ಮ ತಲೆಗೇ ಕಟ್ಟಿರುತ್ತಾರೆ. ಹಾಗಾಗಿ ಬುಕಿಂಗ್ ಪುಟದ ಚಿತ್ರ ನೋಡುವುದಕ್ಕಿಂತ ಷರತ್ತುಗಳ ಪುಟ ಓದುವುದರಲ್ಲಿ ಹೆಚ್ಚು ಹೊತ್ತು ಕಳೆಯಿರಿ.

ದಾರಿಯ ವಿಷಯ ಮೊದಲು. ರಸ್ತೆ ಖಾಲಿ ಇದ್ದರೆ ಜಿನೀವಾ ಏರ್‌ಪೋರ್ಟಿನಿಂದ ವಾಲ್ ಡಿಸೇರ್‌ಗೆ ಸುಮಾರು 3 ಗಂಟೆ. ಆದರೆ ನೀವು ಹೋಗುತ್ತಿರುವುದು ಫೆಬ್ರವರಿಯ ಶನಿವಾರ. ಆ ಭಾಗದ ಬಹುತೇಕ ಅಪಾರ್ಟ್‌ಮೆಂಟ್‌ಗಳ ಬಾಡಿಗೆ ಶನಿವಾರದಿಂದ ಶನಿವಾರಕ್ಕೆ. ಅಂದರೆ ಒಂದೇ ದಿನ ಹಳಬರೆಲ್ಲ ಇಳಿಯುತ್ತಾರೆ, ಹೊಸಬರೆಲ್ಲ ಹತ್ತುತ್ತಾರೆ. ಸಾಲದ್ದಕ್ಕೆ ಫ್ರಾನ್ಸಿನ ಶಾಲೆಗಳ ಚಳಿಗಾಲದ ರಜೆ ಎ, ಬಿ, ಸಿ ಎಂಬ ಮೂರು ವಲಯಗಳಲ್ಲಿ ಒಂದರ ಹಿಂದೆ ಒಂದಾಗಿ ಬರುತ್ತದೆ. ಫೆಬ್ರವರಿಯಿಂದ ಮಾರ್ಚ್ ಶುರುವಿನವರೆಗೆ ನಾಲ್ಕು ವಾರ ಇದೇ ಗದ್ದಲ. ಆಲ್ಬರ್ವಿಲ್‌ನಿಂದ ಮೂಟಿಯೇ ದಾಟಿ ಬೂರ್ ಸಾಂ ಮೊರಿಸ್‌ವರೆಗೆ ಎನ್90 ರಸ್ತೆಯೊಂದೇ ಗತಿ. ಕೂರ್ಶವೆಲ್, ಮೆರಿಬೆಲ್, ವಾಲ್ ಥೊರಾನ್ಸ್, ಲಾ ಪ್ಲಾನ್ಯ, ಲೆಸಾರ್ಕ್, ಟೀನ್ಯ, ವಾಲ್ ಡಿಸೇರ್ ಹೀಗೆ ಎಲ್ಲ ಸ್ಕೀ ಊರುಗಳಿಗೂ ಹೋಗುವವರು ಇದೇ ಕಣಿವೆಯಲ್ಲಿ ಸಾಲುಗಟ್ಟುತ್ತಾರೆ. ನಿಮ್ಮದು ಆ ಸಾಲಿನ ಕಟ್ಟಕಡೆಯ ಊರು. 3 ಗಂಟೆ ಅನ್ನುವುದು 4ರಿಂದ 5 ಆಗುವುದು ಅಂಥ ದಿನ ಮಾಮೂಲು. ಇಂಥ ಶನಿವಾರಕ್ಕೂ "3 ಗಂಟೆಯಲ್ಲಿ ಬಿಡುತ್ತೇವೆ" ಎಂದು ಬರೆದುಕೊಡುವ ಕಂಪನಿಯ ಮೇಲೆ ನನಗಂತೂ ಅನುಮಾನ.

ಹಿಮ ಸೇರಿಕೊಂಡರೆ ಕಥೆಯೇ ಬೇರೆ. 2014ರ ಡಿಸೆಂಬರ್ 27, ಅದೂ ಶನಿವಾರವೇ, ಈ ಊರುಗಳಿರುವ ಸವ್ವಾ ಜಿಲ್ಲೆಯಲ್ಲಿ ಸುಮಾರು 15,000 ವಾಹನ ರಸ್ತೆಯಲ್ಲೇ ಸಿಕ್ಕಿಕೊಂಡು, ಜನರಿಗೆ ರಾತ್ರಿ ಕಳೆಯಲು ಸಮುದಾಯ ಭವನಗಳನ್ನು ತೆರೆಯಬೇಕಾಯಿತು. ಬೂರ್ ಸಾಂ ಮೊರಿಸ್‌ನಿಂದ ಮೇಲಕ್ಕೆ ಹೋಗುವ ಡಿ902 ರಸ್ತೆಯನ್ನು ಹಿಮಪಾತ ಜೋರಾದಾಗ, ಹಿಮಕುಸಿತದ ಭಯಕ್ಕೆ, ಕೆಲ ಹೊತ್ತು ಮುಚ್ಚುವುದೂ ಉಂಟು. "ರಸ್ತೆ ಮುಚ್ಚಿದರೆ ಏನು ಮಾಡುತ್ತೀರಿ? ಬೂರ್ ಸಾಂ ಮೊರಿಸ್‌ನಲ್ಲಿ ಇಳಿಸಿ ಹೋಗುತ್ತೀರಾ, ತೆರೆಯುವವರೆಗೆ ಕಾಯುತ್ತೀರಾ? ಕಾದರೆ ಗಂಟೆಗೆ ಎಷ್ಟು?" ಎಂದು ಈಗಲೇ ಬರಹದಲ್ಲಿ ಕೇಳಿ. ಹೊರಡುವ ವಾರ ಬೀಸೋ ಫ್ಯುತೆ ಎಂಬ ಸರ್ಕಾರಿ ಸಂಚಾರ ಮುನ್ಸೂಚನೆ ನೋಡಿ. ದಿನಗಳಿಗೆ ಹಸಿರು, ಕಿತ್ತಳೆ, ಕೆಂಪು, ಕಪ್ಪು ಬಣ್ಣ ಕೊಟ್ಟಿರುತ್ತಾರೆ, ಪ್ರದೇಶವಾರು. ವಾಲ್ ಡಿಸೇರ್ ಇರುವ ಓವೆರ್ನ್ಯ-ರೋನ್-ಆಲ್ಪ್ ಪ್ರದೇಶಕ್ಕೆ ಕೆಂಪೋ ಕಪ್ಪೋ ಇದ್ದರೆ ಮೇಲಿನ ಲೆಕ್ಕ ಅನ್ವಯ. ವಸತಿಯವರು ಭಾನುವಾರದಿಂದ ಭಾನುವಾರಕ್ಕೆ ಕೊಡುವುದಾದರೆ, ಟಿಕೆಟ್ ಇನ್ನೂ ಮಾಡಿಲ್ಲದಿದ್ದರೆ, ಭಾನುವಾರವೇ ಹೋಗಿ. ಬೇರೆ ಯಾವ ಉಪಾಯವೂ ಇಷ್ಟು ಕೆಲಸ ಮಾಡುವುದಿಲ್ಲ.

ಕಾಯುವ ಸಮಯದ ಷರತ್ತಿನಲ್ಲಿ ಎಣಿಕೆ ಎಲ್ಲಿಂದ ಶುರು ಎಂದು ಹುಡುಕಿ. ಉಚಿತ ಕಾಯುವಿಕೆ ಒಂದು ಗಂಟೆ ಎಂದು ಬಹಳ ಕಂಪನಿಗಳು ಬರೆಯುತ್ತವೆ. ಆ ಗಂಟೆ ಎಣಿಸುವುದು ವಿಮಾನ ನಿಜವಾಗಿ ಇಳಿದಾಗಿನಿಂದಲೋ, ನೀವು ಫಾರ್ಮಿನಲ್ಲಿ ತುಂಬಿದ ಸಮಯದಿಂದಲೋ? ಎರಡನೆಯದಾದರೆ, ವಿಮಾನ 50 ನಿಮಿಷ ತಡವಾದರೆ ಉಳಿಯುವುದು ಹತ್ತೇ ನಿಮಿಷ. ನಿಮ್ಮ ವಿಷಯದಲ್ಲಿ ಇದು ಇನ್ನೂ ಮುಖ್ಯ. ದೋಹಾದಿಂದ ಬರುವವರಿಗೆ ಷೆಂಗನ್ (ಯುರೋಪಿನ ಒಂದೇ ವೀಸಾ ವಲಯ) ಪ್ರವೇಶದ ತಪಾಸಣೆ ಜಿನೀವಾದಲ್ಲೇ ಆಗುತ್ತದೆ. ಫ್ರಾಂಕ್‌ಫರ್ಟ್, ಪ್ಯಾರಿಸ್ ಮೂಲಕ ಬಂದಿದ್ದರೆ ಅಲ್ಲೇ ಮುಗಿದಿರುತ್ತಿತ್ತು. 2025ರ ಅಕ್ಟೋಬರ್ 12ರಿಂದ ಶುರುವಾದ ಇಇಎಸ್ (ಹೊರದೇಶದವರ ಬರುವಿಕೆ-ಹೋಗುವಿಕೆಯನ್ನು ಕಂಪ್ಯೂಟರಿನಲ್ಲಿ ದಾಖಲಿಸುವ) ವ್ಯವಸ್ಥೆಯಲ್ಲಿ ಮೊದಲ ಸಲ ಬರುವವರ ನೋಂದಣಿಯೂ ಕೌಂಟರಿನಲ್ಲೇ ಆಗಬೇಕು, ಏಳೂ ಜನರದು. ಲಗೇಜ್ ಸೇರಿ ಹೊರಬರಲು ಒಂದೂವರೆ ಗಂಟೆ ಹಿಡಿಯಿರಿ. ಒಂದು ಗಂಟೆಯ ನಂತರದ ಪ್ರತಿ ಅರ್ಧ ಗಂಟೆಗೆ ಎಷ್ಟು ಎಂದು ಕೇಳಿಟ್ಟುಕೊಳ್ಳಿ.

ಫ್ಲೈಟ್ ನಂಬರ್ ತುಂಬುವಾಗ ಜನ ಎಡವುವುದು ಹೀಗೆ: ಮನೆಯಿಂದ ಹೊರಡುವ ಮೊದಲ ವಿಮಾನದ ನಂಬರ್ ಕೊಡುತ್ತಾರೆ. ಡ್ರೈವರಿಗೆ ಬೇಕಾದ್ದು ಜಿನೀವಾದಲ್ಲಿ ಇಳಿಯುವ ವಿಮಾನದ್ದು. ಅದು ಕೋಡ್‌ಶೇರ್ ಆಗಿದ್ದರೆ ಟಿಕೆಟ್ ಮಾರಿದ ಕಂಪನಿಯ ನಂಬರ್ ಅಲ್ಲ, ವಿಮಾನ ಹಾರಿಸುವ ಕಂಪನಿಯ ನಂಬರ್ ಕೊಡಿ. ನಿಮ್ಮದು ಮಧ್ಯಾಹ್ನ, ತೊಂದರೆ ಇಲ್ಲ. ಆದರೆ ರಾತ್ರಿ 12:20ಕ್ಕೆ ಇಳಿಯುವವರು ತಾರೀಕು ಎರಡು ಸಲ ನೋಡಿ. ಶನಿವಾರ ರಾತ್ರಿ ಅಂದುಕೊಂಡು ಶನಿವಾರದ ತಾರೀಕು ಹಾಕಿದರೆ ವ್ಯಾನ್ ಒಂದು ದಿನ ಮೊದಲೇ ಬಂದು ಹೋಗಿರುತ್ತದೆ, ದುಡ್ಡೂ ಹೋಗಿರುತ್ತದೆ.

ದೋಹಾದಲ್ಲಿ ಕನೆಕ್ಷನ್ ತಪ್ಪಿದರೆ? ವಿಮಾನ ತಡವಾಗುವುದು ಬೇರೆ, ನೀವು ಆ ವಿಮಾನದಲ್ಲೇ ಇಲ್ಲದಿರುವುದು ಬೇರೆ. ವಿಮಾನ ಸಮಯಕ್ಕೆ ಸರಿಯಾಗಿ ಇಳಿದು ನೀವು ಬಾರದಿದ್ದರೆ ಕಂಪನಿಯ ಲೆಕ್ಕದಲ್ಲಿ ಅದು "ನೋ ಶೋ", ಪೂರ್ತಿ ಹಣ ಹೋಯಿತು. ಕನೆಕ್ಷನ್ ತಪ್ಪಿದ್ದು ಗೊತ್ತಾದ ಕೂಡಲೇ, ಹೊಸ ಬೋರ್ಡಿಂಗ್ ಪಾಸಿಗೆ ಕ್ಯೂ ನಿಂತಾಗಲೇ, ಕಂಪನಿಯ ನಂಬರಿಗೆ ವಾಟ್ಸಾಪ್ ಮಾಡಿ. ಹೊಸ ವಿಮಾನದ ನಂಬರ್ ಸಿಕ್ಕ ಮೇಲೆ ಇನ್ನೊಂದು ಮೆಸೇಜ್. ಎಷ್ಟು ಗಂಟೆ ಮೊದಲು ತಿಳಿಸಿದರೆ ಹಣ ಕಳೆಯದೆ ಬದಲಾಯಿಸುತ್ತಾರೆ ಎಂಬುದು ಷರತ್ತಿನಲ್ಲಿ ಇರಲೇಬೇಕು. ಡೈವರ್ಟ್ ಆಗುವುದನ್ನೂ ಕೇಳಿ: ಜಿನೀವಾ ಬದಲು ಫ್ರಾನ್ಸಿನ ಲಿಯೋನ್‌ನಲ್ಲಿ ಇಳಿಸಿದರೆ ವ್ಯಾನ್ ಅಲ್ಲಿಗೆ ಬರುತ್ತದೋ, ಹೆಚ್ಚುವರಿ ಎಷ್ಟು? (ಫ್ರಾನ್ಸಿನ ಶಾಂಬೆರಿ ವಿಮಾನ ನಿಲ್ದಾಣಕ್ಕೆ ಹೋಗುವವರು ಇದನ್ನು ಮರೆಯಲೇಬಾರದು. ಅಲ್ಲಿ ಹವೆ ಕೆಟ್ಟರೆ ವಿಮಾನ ಲಿಯೋನ್‌ಗೋ ಗ್ರೆನೋಬಲ್‌ಗೋ ತಿರುಗುವುದು ಅಪರೂಪವಲ್ಲ.)

ಇನ್ನು ವಾಹನ. ಏಳು ಜನರಿಗೆ "8 ಸೀಟರ್" ಸಾಕು ಅನ್ನಿಸುತ್ತದೆ. ಸೀಟು ಸಾಕು, ಜಾಗ ಸಾಕೇ? ಈ ಕಂಪನಿಗಳು ಓಡಿಸುವುದು ಸಾಮಾನ್ಯವಾಗಿ ರೆನೋ ಟ್ರಾಫಿಕ್, ಮರ್ಸಿಡಿಸ್ ವೀಟೋ, ಫೋಕ್ಸ್‌ವ್ಯಾಗನ್ ಕ್ಯಾರವೆಲ್ ತರಹದವು, ಡ್ರೈವರ್ ಸೇರಿ 9 ಸೀಟು. ಇವುಗಳಲ್ಲಿ ಗಿಡ್ಡ ಮಾದರಿ, ಉದ್ದ ಮಾದರಿ ಎರಡೂ ಇವೆ. ಗಿಡ್ಡದರಲ್ಲಿ ಮೂರನೇ ಸಾಲಿನ ಹಿಂದೆ ಏಳು ದೊಡ್ಡ ಸೂಟ್‌ಕೇಸ್ ಹಿಡಿಸುವ ಮಾತಿಲ್ಲ. ಉದ್ದದ್ದೇ ಬೇಕು ಎಂದು ಹೇಳಿ. "ಸುಮಾರು ಏಳೆಂಟು ಬ್ಯಾಗು" ಎನ್ನಬೇಡಿ: ದೊಡ್ಡ ಸೂಟ್‌ಕೇಸ್ ಎಷ್ಟು, ಕ್ಯಾಬಿನ್ ಬ್ಯಾಗ್ ಎಷ್ಟು, ಮಗುವಿನ ತಳ್ಳುಗಾಡಿ ಇದೆಯೇ, ಸ್ಕೀ ಬ್ಯಾಗ್ ಇದ್ದರೆ ಉದ್ದ ಎಷ್ಟು ಸೆಂಟಿಮೀಟರ್, ಎಲ್ಲ ಬರೆಯಿರಿ. ಸ್ಕೀಯನ್ನು ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುವುದಾದರೆ ಅದನ್ನೂ ತಿಳಿಸಿ. ಕೆಲವರು ಸ್ಕೀ ಬ್ಯಾಗಿಗೆ ಪ್ರತ್ಯೇಕ ಹಣ ಹಿಡಿದಿರುತ್ತಾರೆ, ಅದು ಕಡಿಮೆಯಾಗುತ್ತದೆ.

ಮಕ್ಕಳ ಸೀಟು. ಫ್ರಾನ್ಸಿನಲ್ಲಿ 10 ವರ್ಷದೊಳಗಿನವರಿಗೆ ಅವರ ಅಳತೆಯ ಸೀಟು ಬೇಕು. ಸ್ವಿಟ್ಜರ್ಲೆಂಡಿನಲ್ಲಿ 12 ವರ್ಷ ಅಥವಾ 150 ಸೆಂ.ಮೀ. ಎತ್ತರ, ಯಾವುದು ಮೊದಲು ಆಗುತ್ತದೋ ಅಲ್ಲಿಯವರೆಗೆ. ಜಿನೀವಾ ಏರ್‌ಪೋರ್ಟ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಹಾಗಾಗಿ ಎರಡೂ ನಿಯಮ ಅನ್ವಯ: 9 ವರ್ಷದವನಿಗೂ ಬೂಸ್ಟರ್ (ಎತ್ತರಿಸುವ ಸೀಟು) ಬೇಕು. ಫ್ರಾನ್ಸಿನಲ್ಲಿ ಟ್ಯಾಕ್ಸಿಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ. ಅದನ್ನೇ ಹಿಡಿದು "ಬೇಕಾಗಿಲ್ಲ ಬಿಡಿ" ಅನ್ನುವವರು ಸಿಗಬಹುದು. ಬೆಟ್ಟದ ರಸ್ತೆಯಲ್ಲಿ ಐದು ಗಂಟೆ, ಬಿಡಬೇಡಿ. "ಚೈಲ್ಡ್ ಸೀಟ್ 2" ಎಂದು ಬರೆದರೆ ಎರಡೂ ಒಂದೇ ಅಳತೆಯದು ಬರುತ್ತದೆ. ವಯಸ್ಸು, ತೂಕ, ಎತ್ತರ ಮೂರನ್ನೂ ಬರೆಯಿರಿ: 4 ವರ್ಷದ ಮಗುವಿಗೆ ಬೆಲ್ಟ್ ಇರುವ ಸೀಟು, 9 ವರ್ಷದವನಿಗೆ ಬೂಸ್ಟರ್. ಅಪ್ಪ-ಅಮ್ಮನಿಗೆ ಮಧ್ಯದ ಸಾಲು ಬಿಡಿ, ಮೂರನೇ ಸಾಲಿಗೆ ಬಗ್ಗಿ ಹತ್ತುವುದು ಮಂಡಿನೋವಿನವರಿಗೆ ಕಷ್ಟ. ಹಾಗೆ ಮಾಡಿದರೆ ಮಕ್ಕಳ ಸೀಟು ಹಿಂದಿನ ಸಾಲಿಗೆ ಹೋಗುತ್ತದೆ. ಅಲ್ಲಿ ಕೂರಿಸಲು ಬರುತ್ತದೋ ಎಂದು ಮೊದಲೇ ಕೇಳಿ.

ಟೈರ್: ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಫ್ರಾನ್ಸಿನ ಗೊತ್ತುಪಡಿಸಿದ ಬೆಟ್ಟದ ಊರುಗಳಲ್ಲಿ ಚಳಿಗಾಲದ ಟೈರ್ ಅಥವಾ ಹಿಮದ ಚೈನು ಕಡ್ಡಾಯ. 2024ರ ನವೆಂಬರಿನಿಂದ ಟೈರಿನ ಮೇಲೆ ಬರೀ "ಎಂ+ಎಸ್" ಎಂದಿದ್ದರೆ ನಡೆಯುವುದಿಲ್ಲ, ಮೂರು ಶಿಖರದ ಬೆಟ್ಟದೊಳಗೆ ಹಿಮದ ಹಳಕು ಇರುವ ಗುರುತು ಬೇಕು. ಸ್ಥಳೀಯ ಕಂಪನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ದೂರದ ನಗರದಿಂದ ವಾಹನ ತರಿಸುವ ಬುಕಿಂಗ್ ಸೈಟುಗಳಿಗೆ ಕೇಳಲೇಬೇಕು, ಮತ್ತು ಟೈರಿನ ಜೊತೆ ಚೈನೂ ಗಾಡಿಯಲ್ಲಿದೆಯೇ ಎಂದೂ.

ವಿಳಾಸಕ್ಕೆ "ವಾಲ್ ಡಿಸೇರ್" ಅಂದರೆ ಸಾಲದು. ಲಾ ದಾಯ್‌ನಿಂದ ಲೆ ಫೋರ್ನೆವರೆಗೆ ಕಣಿವೆಯುದ್ದಕ್ಕೂ ಹರಡಿದ ಊರು ಅದು. ಕೂರ್ಶವೆಲ್‌ನಲ್ಲಂತೂ ಒಂದೇ ಹೆಸರಿನಡಿ ಬೇರೆ ಬೇರೆ ಎತ್ತರದ ನಾಲ್ಕೈದು ಹಳ್ಳಿ. ಕಟ್ಟಡದ ಹೆಸರು, ಬೀದಿ, ಮ್ಯಾಪಿನ ಪಿನ್ ಮೂರೂ ಕಳಿಸಿ. ಚಳಿಗಾಲದಲ್ಲಿ ಬಾಗಿಲವರೆಗೆ ವ್ಯಾನ್ ಬರುತ್ತದೋ ಎಂದು ವಸತಿಯವರನ್ನು ಕೇಳಿ. ಕೊನೆಯ 200 ಮೀಟರ್ ಹಿಮದ ಏರಿನಲ್ಲಿ ಸೂಟ್‌ಕೇಸ್ ಚಕ್ರ ಉರುಳುವುದಿಲ್ಲ, ಎತ್ತಿಕೊಂಡೇ ಹೋಗಬೇಕು. ಜೊತೆಗೆ, 2:40ಕ್ಕೆ ಇಳಿದರೆ ನೀವು ತಲುಪುವುದು ರಾತ್ರಿ 8-9ಕ್ಕೆ. ಅಷ್ಟು ಹೊತ್ತಿಗೆ ರಿಸೆಪ್ಷನ್, ಸೂಪರ್‌ಮಾರ್ಕೆಟ್ ಎರಡೂ ಮುಚ್ಚಿರಬಹುದು. ಕೀಲಿ ಎಲ್ಲಿ ಸಿಗುತ್ತದೆ ಎಂದು ತಿಳಿದುಕೊಂಡು, ರಾತ್ರಿಯ ಊಟಕ್ಕೆ ಏನಾದರೂ ಏರ್‌ಪೋರ್ಟಿನಲ್ಲೇ ತೆಗೆದುಕೊಳ್ಳಿ.

ವಾಪಸ್ ಬರುವ ದಿನ ಕಂಪನಿ ಹೇಳುವ ಪಿಕಪ್ ಸಮಯವನ್ನು ನೀವೇ ಲೆಕ್ಕ ಹಾಕಿ ನೋಡಿ. ವಿಮಾನ ಸಂಜೆ 4:30ಕ್ಕೆ. ಮೂರು ಗಂಟೆ ಮೊದಲು ಅಂದರೆ 1:30ಕ್ಕೆ ಏರ್‌ಪೋರ್ಟ್. ಶನಿವಾರದ ದಾರಿ, ಮಕ್ಕಳಿಗೆ ಒಂದು ನಿಲುಗಡೆ ಸೇರಿ 5 ಗಂಟೆ. ಬೆಳಿಗ್ಗೆ 8:30ಕ್ಕೆ ಹೊರಡಬೇಕು. 10:30 ಅಂದವರಿಗೆ ಬಹುಶಃ ಅದೇ ವ್ಯಾನಿಗೆ ಬೆಳಿಗ್ಗೆ ಇನ್ನೊಂದು ಟ್ರಿಪ್ ಇರುತ್ತದೆ. ಅವರು ಹೇಳಿದ ಸಮಯಕ್ಕೆ ಹೊರಟು ವಿಮಾನ ತಪ್ಪಿದರೆ ಹೊಣೆ ಯಾರದು ಎಂಬ ಸಾಲೂ ಷರತ್ತಿನಲ್ಲಿದೆಯೇ ನೋಡಿ. ಮಾರ್ಚ್ ಕೊನೆಯ ಭಾನುವಾರ ವಾಪಸ್ಸಾಗುವವರು ಗಡಿಯಾರ ಒಂದು ಗಂಟೆ ಮುಂದೆ ಹೋಗುವುದನ್ನು ಮರೆಯಬೇಡಿ.

ಬುಕಿಂಗ್ ತೆಗೆದುಕೊಳ್ಳುವವರು ಒಬ್ಬರು, ಗಾಡಿ ಓಡಿಸುವವರು ಇನ್ನೊಬ್ಬರು ಆಗಿರುವುದು ಇಲ್ಲಿ ಸಾಮಾನ್ಯ. ಓಡಿಸುವ ಕಂಪನಿಯ ಹೆಸರು ಮತ್ತು ಆ ದಿನ ಫೋನ್ ಎತ್ತುವ ನಂಬರ್ ಹೊರಡುವ ಮುಂಚೆಯೇ ಕೈಯಲ್ಲಿರಲಿ. ಫ್ರಾನ್ಸಿನ ಚಾಲಕನ ವಾಹನವಾದರೆ ವಿಟಿಸಿ (ಚಾಲಕ ಸಹಿತ ಬಾಡಿಗೆ ವಾಹನದ) ನೋಂದಣಿ ಇದೆಯೇ ಎಂದು ಕೇಳಬಹುದು. ನಿಮ್ಮ ಹೆಸರಿನ ಬೋರ್ಡ್ ಹಿಡಿದವರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಖಚಿತ ಮಾಡಿಕೊಳ್ಳಿ, ಏಕೆಂದರೆ ಜಿನೀವಾ ಏರ್‌ಪೋರ್ಟಿಗೆ ಫ್ರಾನ್ಸ್ ಕಡೆಯ ಪ್ರತ್ಯೇಕ ಭಾಗವೊಂದಿದೆ. ಬೇರೆ ಮಾತಿಲ್ಲದಿದ್ದರೆ ಸ್ವಿಸ್ ಕಡೆಯ ಅರೈವಲ್ಸ್‌ನಲ್ಲೇ ಹೊರಬನ್ನಿ. ಹಾಲ್‌ನಲ್ಲಿ "ಟ್ಯಾಕ್ಸಿ ಬೇಕಾ" ಎಂದು ಹತ್ತಿರ ಬರುವವರ ಜೊತೆ ಹೋಗಬೇಡಿ. ಬಾಕಿ ಹಣ ಡ್ರೈವರಿಗೆ ನಗದಾಗಿ ಕೊಡಬೇಕೆಂದರೆ ಯಾವ ಕರೆನ್ಸಿ ಎಂದು ಕೇಳಿ. ಪಾಸ್‌ಪೋರ್ಟ್‌ಗಳನ್ನು ಸೂಟ್‌ಕೇಸಿಗೆ ಹಾಕಬೇಡಿ, ಗಡಿಯಲ್ಲಿ ಕೇಳಿದರೆ ಡಿಕ್ಕಿ ತೆಗೆಸಬೇಕಾಗುತ್ತದೆ.

ಇನ್ನೊಬ್ಬ ಓದುಗರು ಸ್ವಿಟ್ಜರ್ಲೆಂಡಿನ ಸ್ಕೀ ಊರು ಝರ್ಮಾಟ್‌ಗೂ ಇದೇ ಲೆಕ್ಕವೇ ಎಂದು ಕೇಳಿದ್ದಾರೆ. ಅಲ್ಲ. ಝರ್ಮಾಟ್ ಊರೊಳಗೆ ಹೊರಗಿನ ಕಾರು, ವ್ಯಾನ್ ಬಿಡುವುದಿಲ್ಲ. ಎಷ್ಟು ದುಬಾರಿ ವ್ಯಾನ್ ಹಿಡಿದರೂ 5 ಕಿ.ಮೀ. ಹಿಂದಿನ ಟ್ಯಾಶ್‌ನಲ್ಲಿ ಇಳಿದು 12 ನಿಮಿಷದ ಶಟಲ್ ರೈಲು ಹತ್ತಲೇಬೇಕು. "ಹೋಟೆಲ್ ಬಾಗಿಲವರೆಗೆ" ಎಂದು ಯಾರಾದರೂ ಬರೆದಿದ್ದರೆ ಆ ಶಟಲ್ ಟಿಕೆಟ್, ಊರೊಳಗಿನ ಎಲೆಕ್ಟ್ರಿಕ್ ಟ್ಯಾಕ್ಸಿ ಎರಡೂ ದರದಲ್ಲಿ ಸೇರಿವೆಯೇ ಎಂದು ಕೇಳಿ. ಲಗೇಜ್ ಕಡಿಮೆ ಇದ್ದರೆ ವ್ಯಾನೇ ಬೇಡ: ಜಿನೀವಾ ಏರ್‌ಪೋರ್ಟಿನಲ್ಲೇ ರೈಲು ನಿಲ್ದಾಣವಿದೆ, ಫಿಸ್ಪ್‌ನಲ್ಲಿ ಒಮ್ಮೆ ಬದಲಿಸಿದರೆ ಸುಮಾರು 4 ಗಂಟೆಯಲ್ಲಿ ಝರ್ಮಾಟ್, ಶನಿವಾರದ ಟ್ರಾಫಿಕ್ಕಿನ ಗೊಡವೆಯೂ ಇಲ್ಲ.