ಮೆಟ್ಟುಗತ್ತಿಯ ಮುಂದೆ ಒಂದು ಕಾದಂಬರಿ

ಪ್ರಶ್ನೆ: ಅಡಿಕೆ ಸುಲಿಯೋ ಕಾಲ ಬಂತೆಂದರೆ ರಾತ್ರಿ ಹತ್ತು ಗಂಟೆ ದಾಟಿದರೂ ನಾನು ಮೆಟ್ಟುಗತ್ತಿ ಮುಂದೆಯೇ. ಈ ಸಲ ಮಗಳು ಮೊಬೈಲಿಗೆ ‘ಚಿಲ್ಡ್ರನ್ ಆಫ್ ಬ್ಲಡ್ ಆ್ಯಂಡ್ ಬೋನ್’ ಅನ್ನೋ ಇಂಗ್ಲಿಷ್ ಕಾದಂಬರಿಯ ಆಡಿಯೋ ಹಾಕಿಕೊಟ್ಟಿದ್ದಾಳೆ. ಓದುವವರ ದನಿ ತುಂಬಾ ಹಿಡಿಸಿತು. ಆದರೆ ಯಾರು ಮಾತಾಡುತ್ತಿದ್ದಾರೆ ಅನ್ನೋದೇ ತಪ್ಪಿಹೋಗುತ್ತದೆ. ನನಗೆ 47 ವರ್ಷ, ಇದು ಹರೆಯದವರ ಪುಸ್ತಕವಂತೆ. ‘ಕೇಳಿದರೆ ಓದಿದ ಹಾಗಾ?’ ಅಂತ ನಾದಿನಿ ಬೇರೆ ಕೇಳುತ್ತಾಳೆ. ಬಿಟ್ಟುಬಿಡಲಾ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಬಿಡಬೇಡಿ, ದಯವಿಟ್ಟು. ನಿಮ್ಮ ಪತ್ರ ಬಂದ ದಿನ ನಾನೂ ಮೊದಲ ನಾಲ್ಕು ಅಧ್ಯಾಯ ಮತ್ತೆ ಕೇಳಿದೆ.

ನಾನಿದನ್ನು ಮೊದಲ ಸಲ ಕೇಳಿದ್ದು ಕಾರವಾರದ ನಮ್ಮ ಮನೆ ಹಿತ್ತಿಲಲ್ಲಿ, ಬಂಗಡೆ ಕೊಯ್ಯುತ್ತಾ. ದನಿ ಜೋರಾಗಲಿ ಅಂತ ಫೋನನ್ನು ಸ್ಟೀಲ್ ಪಾತ್ರೆಯೊಳಗೆ ನಿಲ್ಲಿಸಿದ್ದೆ. ಝೆಲಿ ಅಂತ ಒಬ್ಬ ಮೀನುಗಾರನ ಮಗಳು. ಅವಳ ಊರು ಇಲೋರಿನ್, ನೀರಿನ ಮೇಲೇ ತೇಲುವ ಊರು. ತೆರಿಗೆ ಕಟ್ಟಲು ದುಡ್ಡಿಲ್ಲ. ಬೆನ್ನ ಮೇಲೆ ಹಾಯಿಯಂಥ ರೆಕ್ಕೆ ಇರುವ ಅಪರೂಪದ ಮೀನೊಂದನ್ನು ಲಾಗೋಸ್ ಪೇಟೆಗೆ ಒಯ್ದು, ದೊಡ್ಡ ಮನುಷ್ಯನೊಬ್ಬನ ಜೊತೆ ಚೌಕಾಸಿಗೆ ನಿಲ್ಲುತ್ತಾಳೆ. ಮೀನುಪೇಟೆಯಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕೂತ ಹೆಂಗಸರನ್ನು ನೋಡುತ್ತಾ ಬೆಳೆದವಳು ನಾನು. ಒಂದು ಬೆಲೆ ಹೇಳಿ ಸುಮ್ಮನಾಗಿಬಿಡುತ್ತಾರೆ. ಗಿರಾಕಿ ನಾಲ್ಕು ಹೆಜ್ಜೆ ಹೋದರೂ ಕರೆಯುವುದಿಲ್ಲ. ಎದೆಯೊಳಗೆ ಮಾತ್ರ ಡವಡವ. ಆ ಡವಡವ ಝೆಲಿಯ ದನಿಯಲ್ಲಿ ಕೇಳಿಸಿತು. ನನ್ನ ಕೈಯಲ್ಲಿದ್ದ ಬಂಗಡೆ ಹಾಗೇ ನಿಂತಿತು. ಬೆರಳೆಲ್ಲ ನೆತ್ತರು, ಫೋನು ಮುಟ್ಟುವ ಹಾಗಿಲ್ಲ. ಕತೆ ಮುಂದೆ ಓಡುತ್ತಲೇ ಇತ್ತು.

ಈಗ ನಿಮ್ಮ ತೊಡಕಿಗೆ ಬರುತ್ತೇನೆ. ಅದು ನಿಮ್ಮ ಕಿವಿಯ ತಪ್ಪಲ್ಲ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಆದರೂ ಅರ್ಥಧಾರಿ ಬಾಯಿ ತೆರೆದ ಕೂಡಲೇ ಇವನು ಕೃಷ್ಣ, ಇವನು ಕೌರವ ಅಂತ ನಿಮಗೆ ಗೊತ್ತಾಗುತ್ತದೆ, ಅಲ್ವಾ? ಯಾಕೆಂದರೆ ಪ್ರಸಂಗ ಮೊದಲೇ ಗೊತ್ತಿದೆ. ಇಲ್ಲಿ ಪ್ರಸಂಗವೇ ಹೊಸದು. ಅಷ್ಟನ್ನು ಹೇಳಿಬಿಡುತ್ತೇನೆ, ರುಚಿ ಕೆಡುವುದಿಲ್ಲ.

ಒರಿಶಾ ಅನ್ನೋ ಕಾಲ್ಪನಿಕ ರಾಜ್ಯದಲ್ಲಿ ಮಾಜಿ ಎಂಬ ಮಂತ್ರವಿದ್ಯೆಯ ಜನ ಇದ್ದರು, ಹತ್ತು ಕುಲದವರು. ಹನ್ನೊಂದು ವರ್ಷದ ಹಿಂದೆ ಮಂತ್ರಶಕ್ತಿ ಮಾಯವಾಯಿತು, ರಾಜ ಸರಾನ್ ಅವರನ್ನು ಕೊಲ್ಲಿಸಿದ. ಝೆಲಿಯ ತಾಯಿಯೂ ಹಾಗೇ ಸತ್ತಳು. ಉಳಿದ ಮಕ್ಕಳ ಗುರುತು ಬಿಳಿ ಕೂದಲು. ಕತೆ ಹೇಳುವವರು ಮೂವರು: ಝೆಲಿ, ರಾಜನ ಮಗಳು ಅಮಾರಿ, ರಾಜನ ಮಗ ಇನಾನ್. ಮೂವರೂ ‘ನಾನು’ ಅಂತಲೇ ಹೇಳುತ್ತಾರೆ. ತೊಡಕೆಲ್ಲ ಅಲ್ಲೇ ಇರೋದು. ಅಧ್ಯಾಯದ ತಲೆಯಲ್ಲಿ ಹೇಳುವವರ ಹೆಸರು ಬರುತ್ತದೆ. ಅಷ್ಟು ಹೊತ್ತು ಮಾತ್ರ ಕತ್ತಿ ನಿಲ್ಲಿಸಿ. ವೇಗವನ್ನು 0.9ಕ್ಕೆ ಇಳಿಸಿ. ಮೊದಲ ಎರಡು ಗಂಟೆ ಕಷ್ಟವೇ, ಆಮೇಲೆ ದನಿಯಲ್ಲೇ ಗುರುತು ಹತ್ತುತ್ತದೆ. ಒಟ್ಟು ಸುಮಾರು 18 ಗಂಟೆಯ ಕತೆ, ಅವಸರ ಬೇಡ. ಕರೆಂಟು ಹೋದರೆ ನೆಟ್‌ವರ್ಕೂ ಹೋಗುವ ಊರು ನಿಮ್ಮದಾದರೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ನಾದಿನಿಯವರ ಪ್ರಶ್ನೆಗೆ ನನ್ನ ಹತ್ತಿರ ಗಟ್ಟಿ ಉತ್ತರವಿದೆ. ಇದೇ ಪುಸ್ತಕವನ್ನು ನಾನು ಕಾಗದದ ಮೇಲೂ ಓದಿದ್ದೇನೆ. ಇದರ ಮಂತ್ರಗಳು ನೈಜೀರಿಯಾದ ಯೊರುಬಾ ಭಾಷೆಯಲ್ಲಿವೆ. ಬರೆದ ಟೊಮಿ ಅಡೆಯೆಮಿ ನೈಜೀರಿಯಾ ಮೂಲದ ಅಮೆರಿಕನ್ ಲೇಖಕಿ. ಯೊರುಬಾದಲ್ಲಿ ಸ್ವರದ ಏರಿಳಿತವೇ ಅರ್ಥ. ‘ಒಕೊ’ ಅನ್ನೋ ಒಂದೇ ಪದ ಸಮನಾಗಿ ಹೇಳಿದರೆ ಗಂಡ, ಕೊನೆಯನ್ನು ಮೇಲೆತ್ತಿದರೆ ಗುದ್ದಲಿ, ಕೆಳಗಿಳಿಸಿದರೆ ದೋಣಿ. ಪುಟದಲ್ಲಿ ಮಂತ್ರದ ಸಾಲು ಬಂದಾಗ ನನ್ನ ಕಣ್ಣು ಹಾರಿ ಮುಂದೆ ಹೋಗುತ್ತಿತ್ತು. ಆಡಿಯೋದಲ್ಲಿ ಓದಿದ ಬಾನಿ ಟರ್ಪಿನ್ ಅದನ್ನು ಹೇಳುವಾಗ ಹಾರಲು ಆಗಲಿಲ್ಲ. ಅರ್ಥ ಗೊತ್ತಿಲ್ಲ, ಆದರೆ ಅಮ್ಮ ದೀಪ ಹಚ್ಚುವಾಗ ಬಾಯಲ್ಲೇ ಹೇಳಿಕೊಳ್ಳುತ್ತಿದ್ದ ಸಾಲು ನೆನಪಾಗಿ ರೋಮ ನಿಂತಿತು. ಎಲ್ಲ ಪಾತ್ರಗಳಿಗೂ ಅವರೊಬ್ಬರದೇ ದನಿ. ಪುಸ್ತಕ ಬಂದದ್ದು 2018ರಲ್ಲಿ, ಮರುವರ್ಷ ಈ ಓದಿಗೆ ಅಮೆರಿಕದ ಆಡಿ ಪ್ರಶಸ್ತಿಗಳಲ್ಲಿ ವರ್ಷದ ಆಡಿಯೋಬುಕ್ ಅನ್ನೋ ಗೌರವ ಸಿಕ್ಕಿತು. ಅದು ಸಿಗದಿದ್ದರೂ ನನ್ನ ಮಾತು ಇದೇ ಆಗಿರುತ್ತಿತ್ತು.

ವಯಸ್ಸಿನ ಮಾತು ಬಿಡಿ. ನನಗೆ ನಿಮಗಿಂತ ಜಾಸ್ತಿ ವಯಸ್ಸು. ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಸತ್ತ ನಿರಾಯುಧ ಕಪ್ಪು ಜನರ, ಮಕ್ಕಳ ಸುದ್ದಿ ನೋಡಿ ನೋಡಿ, ಭಯ ಮತ್ತು ಸಿಟ್ಟಿನಲ್ಲಿ ಇದನ್ನು ಬರೆದೆ ಅಂತ ಲೇಖಕಿ ಪುಸ್ತಕದ ಕೊನೆಗೆ ಹೇಳಿದ್ದಾರೆ. ಮಕ್ಕಳನ್ನು ಸಾಕಿದವರಿಗೆ ಅದು ತಟ್ಟದೇ ಇರುತ್ತದಾ? ಹಾಗಾಗಿಯೇ ಒಂದು ಎಚ್ಚರಿಕೆ. ಹಿಂಸೆಯ ದೃಶ್ಯಗಳಿವೆ, ಕಿವಿಗೆ ಬಿದ್ದಾಗ ಇನ್ನೂ ಹತ್ತಿರ ಅನ್ನಿಸುತ್ತವೆ. ಅಂಗಳದಲ್ಲಿ ಚಿಕ್ಕ ಮಕ್ಕಳಿದ್ದರೆ ಸ್ಪೀಕರ್ ಬೇಡ, ಇಯರ್‌ಫೋನ್ ಹಾಕಿಕೊಳ್ಳಿ. ಒಂದೇ ಕಿವಿಗೆ ಸಾಕು, ಮುಂದೆ ಕತ್ತಿ ಇರುತ್ತದೆ.

ನಾದಿನಿಯವರಿಗೆ ಮೊದಲ ಅಧ್ಯಾಯ ಒಂದನ್ನು ಕೇಳಿಸಿ. ಮಾಮಾ ಅಗ್ಬಾ ಎಂಬ ಮುದುಕಿ ಹೊಲಿಗೆ ಹೇಳಿಕೊಡುವ ನೆಪದಲ್ಲಿ ಹುಡುಗಿಯರಿಗೆ ದೊಣ್ಣೆವರಸೆ ಕಲಿಸುತ್ತಿರುತ್ತಾಳೆ, ಅಷ್ಟರಲ್ಲಿ ರಾಜನ ಕಾವಲಿನವರು ಬರುತ್ತಾರೆ. ಅಲ್ಲಿ ನಿಲ್ಲಿಸಿ ನೋಡಿ, ಮುಂದೇನು ಅಂತ ಅವರೇ ಕೇಳುತ್ತಾರೆ.

ಸುಲಿಯೋದು ಮುಗಿಯುವಷ್ಟರಲ್ಲಿ ಎಲ್ಲಿಗೆ ಬಂದಿರಿ ಅಂತ ಬರೆಯಿರಿ. ಇನಾನ್ ಮೇಲೆ ನನಗಿನ್ನೂ ಸಿಟ್ಟು ಇಳಿದಿಲ್ಲ. ನಿಮಗೆ ಅವನು ಹೇಗೆ ಕಂಡ ಅನ್ನೋದು ನನಗೆ ತಿಳಿಯಬೇಕು.